ಒಂದು ಕ್ಲಿಕ್ಕಿಗೆ ಗದಗ ‘ಗಚಗ’ ಆಯಿತು

ಕ್ಯಾಪಿಟಲ್, ಸ್ಮಾಲ್ ಎಂಬ ಭೇದ ಕನ್ನಡಕ್ಕಿಲ್ಲ, ಮರಾಠಿಗೂ ಇಲ್ಲ. ಆದರೂ ಪುಣೆಯ ಐಟಿ ಕಚೇರಿಗಳಲ್ಲಿ ದಿನಕ್ಕೊಬ್ಬರಾದರೂ ಯಾವುದೋ ಹೆಸರಿನ ಪಟ್ಟಿಯನ್ನು ಆನ್‌ಲೈನ್ ಕೇಸ್ ಕನ್ವರ್ಟರ್‌ಗೆ ಹಾಕುತ್ತಿರುತ್ತಾರೆ. ಅಂಟಿಸು, ಗುಂಡಿ ಒತ್ತು, ವಾಪಸ್ ತೆಗೆದುಕೋ. ಪ್ರತಿ ಪದದ ಮೊದಲ ಅಕ್ಷರ ಮಾತ್ರ ದೊಡ್ಡದಾಗುವ ‘ಟೈಟಲ್ ಕೇಸ್’ ಇನಿಶಿಯಲ್‌ಗಳಿರುವ ನಮ್ಮಂಥವರಿಗೆ ಸ್ವಲ್ಪ ಅನ್ಯಾಯ ಮಾಡುತ್ತದೆ. ಡಿವಿಜಿ ಎಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟರೆ ‘ಡ್ವಗ್’ ಎಂದು ಓದಬೇಕಾದ ಪದವೊಂದು ಹೊರಬರುತ್ತದೆ. ಇದು ನಕ್ಕು ಸರಿಪಡಿಸಬಹುದಾದ ತೊಂದರೆ.

ಪಿಂಪ್ರಿ-ಚಿಂಚವಾಡ ಕಡೆಯ ಕನ್ನಡಿಗರ ಪುಟ್ಟ ಬಳಗವೊಂದಕ್ಕೆ ಆದದ್ದು ಹಾಗಲ್ಲ. ಅವರ ಬಳಿ ಹಳೆಯ ಸದಸ್ಯರ ಎಕ್ಸೆಲ್ ಪಟ್ಟಿ ಇತ್ತು. ಹೆಸರು ಇಂಗ್ಲಿಷಿನಲ್ಲಿ, ಮನೆತನ, ಊರು, ಊರಿನ ವಿಳಾಸ ನುಡಿ ಫಾಂಟಿನಲ್ಲಿ. ಕಾರ್ಯಕರ್ತರೊಬ್ಬರು ಹೆಸರುಗಳೆಲ್ಲ ಕ್ಯಾಪಿಟಲ್‌ನಲ್ಲಿರಲಿ ಎಂದು ಇಡೀ ಹಾಳೆಯನ್ನೇ ಕನ್ವರ್ಟರ್‌ಗೆ ಹಾಕಿ ‘ಅಪ್ಪರ್‌ಕೇಸ್’ ಒತ್ತಿದರು. ಕನ್ನಡದ ಭಾಗ ರೋಮನ್ ಚಿಹ್ನೆಗಳ ರಾಶಿಯಂತೆ ಕಂಡಿತು. ನುಡಿ ಫೈಲ್ ಯಾವಾಗಲೂ ಹಾಗೆಯೇ ಕಾಣುವುದು, ಫಾಂಟ್ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡರು. ಫಾಂಟ್ ಹಾಕಿದಾಗ ಗದಗ ‘ಗಚಗ’ ಆಗಿತ್ತು. ಅಷ್ಟರಲ್ಲಿ ಫೈಲ್ ಸೇವ್ ಆಗಿತ್ತು, ಬೇರೆ ಪ್ರತಿ ಇರಲಿಲ್ಲ. ಪಟ್ಟಿಯಲ್ಲಿದ್ದ ಹಿರಿಯರಲ್ಲಿ ಕೆಲವರು ಈಗಿಲ್ಲ.

ಕಾರಣ ಫಾಂಟಿನೊಳಗಿದೆ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಸಣ್ಣ ‘ಝಡ್’ ಇದ್ದಲ್ಲಿ ದಕಾರ, ದೊಡ್ಡ ‘ಝಡ್’ ಇದ್ದಲ್ಲಿ ಚಕಾರ. ಕಂಪ್ಯೂಟರಿಗೆ ಕಾಣುವುದು ‘ಝಡ್’ ಮಾತ್ರ, ದೊಡ್ಡದು ಮಾಡು ಎಂದರೆ ಮಾಡುತ್ತದೆ. ‘ಕನ್ನಡ’ ಎಂಬ ಪದದ ಪಾಡು ಇನ್ನೂ ತಮಾಷೆಯದು. ಅದರ ನಕಾರದ ಒತ್ತು ಕುಳಿತಿರುವುದು ಜರ್ಮನ್ ಭಾಷೆಯ ‘ಎಸ್‌ಸೆಟ್’ ಅಕ್ಷರದ ಜಾಗದಲ್ಲಿ. ಅದನ್ನು ಕ್ಯಾಪಿಟಲ್ ಮಾಡಿದರೆ ನಿಯಮದಂತೆ ಎರಡು ‘ಎಸ್’ ಆಗುತ್ತದೆ. ನುಡಿಯಲ್ಲಿ ‘ಎಸ್’ ಎಂದರೆ ಖಕಾರದ ತುಂಡು. ಒಂದು ಒತ್ತು ಹೋಗಿ ಎರಡು ಖಕಾರ ಬಂದವು!

ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ಒಗ್ಗಿಸಲು ದುಡಿದ ಸಿ-ಡ್ಯಾಕ್ ಇರುವುದು ಇದೇ ಪುಣೆಯಲ್ಲಿ. 1991ರ ‘ಇಸ್ಕಿ’ ಮಾನಕ ನಮ್ಮ ಅಕ್ಷರಗಳಿಗೆ ಇಂಗ್ಲಿಷಿನ ಜಾಗ ಬಿಟ್ಟು ಬೇರೆ ಸಂಖ್ಯೆಗಳನ್ನೇ ಕೊಟ್ಟಿತ್ತು. ಡಿಟಿಪಿ ಅಂಗಡಿಗಳು ಹಿಡಿದದ್ದು ಮಾತ್ರ ಫಾಂಟಿನ ಹಾದಿಯನ್ನು. ಅವರನ್ನು ದೂರುವಂತಿಲ್ಲ, ಆಗ ಕೆಲಸ ಸಾಗಿದ್ದೇ ಅದರಿಂದ.

ಕೆಟ್ಟ ಪಟ್ಟಿ ಗೆಳೆಯರೊಬ್ಬರ ಮೂಲಕ ನನ್ನ ಬಳಿ ಬಂತು. ಅದನ್ನು ಬಿಡಿಸಲು ನೆರವಾದದ್ದು ಶಾಲೆಯ ಕನ್ನಡ ವ್ಯಾಕರಣ. ಪೂರ್ಣ ಸ್ವರಾಕ್ಷರ ಸಾಮಾನ್ಯವಾಗಿ ಪದದ ಮೊದಲಲ್ಲಷ್ಟೇ ಬರುತ್ತದೆ. ಆದ್ದರಿಂದ ಪದದ ನಡುವೆ ‘ಎ’ ಕಂಡರೆ ಅದು ಮೂಲದಲ್ಲಿ ‘ರಿ’ ಎಂದು ತಿಳಿಯಬಹುದು, ಏಕೆಂದರೆ ಸಣ್ಣ ‘ಜೆ’ ರಿ, ದೊಡ್ಡ ‘ಜೆ’ ಎ. ಇಂಥ ನಿಯಮಗಳನ್ನು ಒಂದೊಂದಾಗಿ ಸೇರಿಸಿ ಪುಟ್ಟ ಪ್ರೋಗ್ರಾಮ್ ಬರೆದೆ. ಬಹುಪಾಲು ವಿಳಾಸ ಮರಳಿ ಬಂದವು. ಆದರೆ ದಕಾರವೂ ಚಕಾರವೂ ಈಗ ಒಂದೇ. ಗದಗ ನಮಗೆ ಗೊತ್ತಿರುವ ಊರು, ಊಹಿಸಬಹುದು. ಯಾರದೋ ಮನೆತನದ ಹೆಸರನ್ನು ಹೇಗೆ ಊಹಿಸುವುದು? ಅಂಥವನ್ನು ಕೆಂಪು ಬಣ್ಣದಲ್ಲಿ ಗುರುತಿಸಿ ಕೊಟ್ಟೆ. ಬಳಗದವರು ಮಕ್ಕಳು, ಬಂಧುಗಳಿಗೆ ಫೋನ್ ಮಾಡಿ ಒಂದೊಂದೇ ಕೇಳಿ ತುಂಬಿಸುತ್ತಿದ್ದಾರೆ.

ಈಗ ಮೊಬೈಲಿನಲ್ಲಿ ನಾವು ಬರೆಯುವ ಕನ್ನಡ ಯೂನಿಕೋಡ್. ಅದಕ್ಕೆ ತನ್ನದೇ ಜಾಗವಿದೆ, ಅಲ್ಲಿ ದೊಡ್ಡ-ಸಣ್ಣ ಇಲ್ಲ; ಎಷ್ಟು ಸಲ ಗುಂಡಿ ಒತ್ತಿದರೂ ಕನ್ವರ್ಟರ್ ಅದನ್ನು ಮುಟ್ಟದೆ ಬಿಡುತ್ತದೆ. ಬರಹದ ರೋಮನ್ ಕ್ರಮದಲ್ಲಿ ಉಳಿಸಿಟ್ಟ ಹಳೆಯ ಇಮೇಲ್‌ಗಳಿಗೆ ಆ ರಕ್ಷಣೆಯಿಲ್ಲ: ಅಲ್ಲಿ ದೊಡ್ಡ ‘ಎಲ್’ ಳಕಾರ, ಸಣ್ಣದು ಲಕಾರ. ಎಲ್ಲವನ್ನೂ ಸಣ್ಣದು ಮಾಡಿದರೆ ಹಳ್ಳಿ ಹಲ್ಲಿಯಾಗುತ್ತದೆ. ಊರಿನಲ್ಲಿ ಅಪ್ಪಾಜಿಯ ಹಳೆಯ ಕಂಪ್ಯೂಟರಿನಲ್ಲಿ ನುಡಿ ಫೈಲ್‌ಗಳಿದ್ದರೆ ಮೊದಲು ಒಂದು ಪ್ರತಿ ತೆಗೆದಿಡಿ. ಆಮೇಲೆ ಯೂನಿಕೋಡ್‌ಗೆ ಬದಲಿಸಿ, ಒಂದು ಪುಟವನ್ನಾದರೂ ಅವರ ಪಕ್ಕ ಕೂತು ಓದಿ ನೋಡಿ.