ಬೆಟ್ಟ ಹತ್ತುವ ಬಳಗ

ಬೆಳೆಗಾರರಿಗೆ ನಡಿಗೆ ಹೊಸತಲ್ಲ. ದಿನವಿಡೀ ತೋಟ ಸುತ್ತುವವರಿಗೆ ಭಾನುವಾರವೂ ಬೆಟ್ಟ ಹತ್ತಿರೆಂದರೆ ನಗು ಬಂದೀತು. ಆದರೆ ತೋಟದ ನಡಿಗೆಯಲ್ಲಿ ಕಣ್ಣು ಗಿಡದ ಮೇಲೆ, ಮನಸ್ಸು ಆಳಿನ ಲೆಕ್ಕದ ಮೇಲೆ. ಬೇಲಿಯಾಚೆಗಿನ ಬೆಟ್ಟ ನಮ್ಮಲ್ಲಿ ಅನೇಕರಿಗೆ ದೂರದ ನೋಟವಾಗಿಯೇ ಉಳಿದಿದೆ.

ಊರಿನ ಚಾರಣ ಬಳಗವನ್ನು ಸೇರಿದರೆ ಈ ಕೊರತೆ ನೀಗುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸಾಲನ್ನೇ ನೋಡೋಣ. ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಡುವುದು ಇವೇ. ಹೂಮಳೆ ಕೈಕೊಟ್ಟ ವರ್ಷ ಕಾಫಿಯ ಸ್ಪ್ರಿಂಕ್ಲರಿಗೂ, ಅಡಿಕೆಯ ಬುಡಕ್ಕೂ ಇಂಥ ಹಳ್ಳವೇ ಆಸರೆ. ಹಳ್ಳದ ಜಾಡು ಹಿಡಿದು ಮೇಲೇರಿದವರಿಗೆ ಅಲ್ಲಿ ಬೀಳುವ ಬೇಸಿಗೆಯ ಬೆಂಕಿ ಬೇರೆಯವರ ಕಾಡಿನ ಬೆಂಕಿಯೆನಿಸದು.

ಮತ್ತೊಂದು ಲಾಭ ಜೊತೆಯದು. ಏರಿನಲ್ಲಿ ದೊಡ್ಡ ಹಿಡುವಳಿ, ಸಣ್ಣ ಹಿಡುವಳಿ ಎಂಬ ಭೇದವಿಲ್ಲ, ಎಲ್ಲರಿಗೂ ಏದುಸಿರೇ. ಸಭೆಯಲ್ಲಿ ಬಾಯಿಬಿಡದವರೂ ಬುತ್ತಿ ಬಿಚ್ಚಿದಾಗ ಕಾಂಡಕೊರಕ, ಕೊಳೆರೋಗಗಳ ಬಗ್ಗೆ ತಮ್ಮ ಅನುಭವ ಹೇಳುತ್ತಾರೆ.

ಮಳೆ ಬಿಟ್ಟು, ಕೊಯ್ಲು ಬಿರುಸಾಗುವ ಮೊದಲಿನ ಭಾನುವಾರಗಳು ಇದಕ್ಕೆ ಪ್ರಶಸ್ತ. ಅರಣ್ಯ ಇಲಾಖೆಯ ಅನುಮತಿ ಬೇಕಾದೆಡೆ ಮುಂಚಿತವಾಗಿ ಪಡೆಯಬೇಕು. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಜೊತೆಗಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ಸುಳಿವಿರುವ ಕಾಡಿಗೆ ಒಣ ತಿಂಗಳುಗಳಲ್ಲಿ ಹೋಗದಿರುವುದೇ ಲೇಸು.

ಮನೆಯ ಮಕ್ಕಳನ್ನೂ ಕರೆದೊಯ್ಯೋಣ. ತೋಟ ನಾಳೆ ಅವರದು. ಅದರ ನೀರಿನ ಮೂಲ ಅವರಿಗೂ ತಿಳಿದಿರಲಿ.