ಬಾಗಿಲು ಕಾಯುವವನ ಜೋಕು ಮತ್ತು 1606ನೇ ಇಸವಿ

ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ಕಥೆಯನ್ನು ಐದಾರು ಸಾಲಲ್ಲಿ ಹೇಳಿ ಮುಗಿಸಬಹುದು. ಸ್ಕಾಟ್ಲೆಂಡಿನ ಒಬ್ಬ ಸೇನಾನಾಯಕ ಯುದ್ಧ ಗೆದ್ದು ಬರುತ್ತಿರುತ್ತಾನೆ. ದಾರಿಯಲ್ಲಿ ಮೂವರು ಮಾಟಗಾತಿಯರು ಎದುರಾಗಿ, ಮುಂದೆ ನೀನೇ ರಾಜ ಅಂತಾರೆ. ಹೆಂಡತಿ ಕುಮ್ಮಕ್ಕು ಕೊಡುತ್ತಾಳೆ. ಮನೆಗೆ ಅತಿಥಿಯಾಗಿ ಬಂದ ರಾಜ ಡಂಕನ್‌ನನ್ನು ನಿದ್ದೆಯಲ್ಲಿದ್ದಾಗಲೇ ಕೊಂದು ಪಟ್ಟ ಏರುತ್ತಾನೆ. ಆಮೇಲೆ ಒಂದು ಕೊಲೆ ಮುಚ್ಚಲು ಇನ್ನೊಂದು ಕೊಲೆ. ಕೊನೆಗೆ ಅವನ ತಲೆಯೂ ಉರುಳುತ್ತದೆ. ಗೈಡುಗಳಲ್ಲಿ ಇದರ ಕೆಳಗೆ 'ಅತಿಯಾಸೆ ಗತಿಗೇಡು' ಅನ್ನೋ ಧಾಟಿಯ ಒಂದು ನೀತಿ ಇರುತ್ತದೆ. ಪರೀಕ್ಷೆಗೆ ಅಷ್ಟು ಸಾಕು.

ಆದರೆ ನಿಜವಾಗಿ ಓದಲು ಕೂತರೆ ಒಂದು ಜಾಗದಲ್ಲಿ ಕಾಲು ಎಡವುತ್ತದೆ. ರಾಜನ ಕೊಲೆ ಈಗಷ್ಟೇ ಆಗಿದೆ. ಗಂಡ ಹೆಂಡತಿಯ ಕೈಯಲ್ಲಿ ರಕ್ತ. ಅಷ್ಟರಲ್ಲಿ ಕೋಟೆಯ ಬಾಗಿಲನ್ನು ಯಾರೋ ದಬದಬ ಬಡಿಯುತ್ತಾರೆ. ನಮ್ಮ ಎದೆಯೂ ಬಡಿದುಕೊಳ್ಳುತ್ತಿರುವಾಗ, ರಾತ್ರಿಯ ಅಮಲು ಇನ್ನೂ ಇಳಿಯದ ದ್ವಾರಪಾಲಕ ಬರುತ್ತಾನೆ. ಬಾಗಿಲು ತೆಗೆಯೋದು ಬಿಟ್ಟು, ತಾನು ನರಕದ ಬಾಗಿಲು ಕಾಯುವವನು ಅಂತ ನಾಟಕ ಆಡುತ್ತಾ ಒಳಗೆ ಬರುವವರನ್ನು ಕರೆಯುತ್ತಾನೆ. ಮೊದಲು ಒಬ್ಬ ರೈತ, ಮೂರನೆಯವನು ಒಬ್ಬ ದರ್ಜಿ. ನಡುವೆ ಒಬ್ಬ 'ಈಕ್ವಿವೊಕೇಟರ್', ಅಂದ್ರೆ ಇಬ್ಬಗೆಯ ಮಾತಿನವನು. ದೇವರ ಹೆಸರಲ್ಲಿ ದ್ರೋಹ ಮಾಡಿದ ಈ ಮನುಷ್ಯನಿಗೆ ಮಾತು ತಿರುಚಿ ಸ್ವರ್ಗಕ್ಕೆ ಮಾತ್ರ ನುಸುಳಲು ಆಗಲಿಲ್ಲ ಅಂತ ದ್ವಾರಪಾಲಕ ಗೇಲಿ ಮಾಡುತ್ತಾನೆ.

ನಮಗೆ ನಗು ಬರುವುದಿಲ್ಲ. ಇದು ಕೊಲೆಯ ನಂತರ ಪ್ರೇಕ್ಷಕರಿಗೆ ಸ್ವಲ್ಪ ಹಗುರಾಗಲಿ ಅಂತ ಹಾಕಿದ ಹಾಸ್ಯ ಎಂದು ಬರೆದುಕೊಂಡು ಮುಂದೆ ಹೋಗುತ್ತೇವೆ. ಆದರೆ ಆ ಕಾಲದ ಲಂಡನ್ನಿನ ಪ್ರೇಕ್ಷಕನಿಗೆ ಆ ಒಂದು ಪದ ಕಿವಿಗೆ ಬಿದ್ದ ಕೂಡಲೇ ಒಬ್ಬ ಮನುಷ್ಯನ ಮುಖ, ಒಂದು ನೇಣುಗಂಬ ಕಣ್ಣ ಮುಂದೆ ಬಂದಿರಬೇಕು. ಹಳೆಯ ನಾಟಕ, ಹಳೆಯ ಕವಿತೆಯನ್ನು ಅದರ ಕಾಲದೊಳಗೆ ಇಟ್ಟು ಓದಬೇಕು ಅಂತ ಮೇಷ್ಟ್ರುಗಳು ಹೇಳುತ್ತಾರಲ್ಲ, ಅದು ಹೇಗೆ ಅನ್ನೋದಕ್ಕೆ ಈ ಒಂದೇ ಪದವನ್ನು ಹಿಡಿದು ನೋಡೋಣ.

ನೆಲಮಾಳಿಗೆಯ 36 ಪೀಪಾಯಿ

1603ರಲ್ಲಿ ಎಲಿಜಬೆತ್ ರಾಣಿ ಮಕ್ಕಳಿಲ್ಲದೆ ತೀರಿಕೊಂಡಳು. ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್, ಇಂಗ್ಲೆಂಡಿಗೆ ಒಂದನೇ ಜೇಮ್ಸ್ ಆಗಿ ಬಂದ. ಅದೇ ವರ್ಷ ಶೇಕ್ಸ್‌ಪಿಯರ್ ಇದ್ದ ನಾಟಕ ಕಂಪನಿ ರಾಜನ ಆಶ್ರಯ ಪಡೆದು 'ಕಿಂಗ್ಸ್ ಮೆನ್' ಆಯಿತು. ಅಂದ್ರೆ ಇವರು ಈಗ ರಾಜನ ಹೆಸರು ಹೊತ್ತ ನಟರು.

ಇಂಗ್ಲೆಂಡ್ ಆಗ ಪ್ರೊಟೆಸ್ಟಂಟ್ ದೇಶ. ಹೊರದೇಶದಲ್ಲಿ ದೀಕ್ಷೆ ಪಡೆದು ಬಂದ ಕ್ಯಾಥೊಲಿಕ್ ಪಾದ್ರಿ ಅಲ್ಲಿ ಇರುವುದೇ ರಾಜದ್ರೋಹ ಎಂದು 1585ರ ಕಾನೂನು ಹೇಳುತ್ತಿತ್ತು. ಅವನಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೂ ಮರಣದಂಡನೆ. ಹೊಸ ರಾಜ ಬಂದ ಮೇಲೆ ಬಿಗಿ ಸಡಿಲವಾಗಬಹುದು ಅಂತ ಕ್ಯಾಥೊಲಿಕರು ಕಾದರು. ಅದು ಆಗಲಿಲ್ಲ. ಅವರಲ್ಲೇ ಕೆಲವರು ಸೇರಿ, ಪಾರ್ಲಿಮೆಂಟ್ ಶುರುವಾಗುವ ದಿನ ರಾಜನ ಸಮೇತ ಇಡೀ ಸಭೆಯನ್ನೇ ಸಿಡಿಸಿಬಿಡುವ ಸಂಚು ಹೂಡಿದರು. 1605ರ ನವೆಂಬರ್ 4ರ ರಾತ್ರಿ, 5ಕ್ಕೆ ದಿನ ತಿರುಗುವ ಹೊತ್ತಿಗೆ, ಗೈ ಫಾಕ್ಸ್ ಎಂಬವನು ಸಭಾಭವನದ ಕೆಳಗೆ 36 ಪೀಪಾಯಿ ಸಿಡಿಮದ್ದಿನ ಜೊತೆ ಸಿಕ್ಕಿಬಿದ್ದ.

ಸಂಚಿನ ಸುಳಿವು ಸಿಕ್ಕಿದ್ದೂ ಒಂದು ಒಗಟಿನಂಥ ಪತ್ರದಿಂದ. ಮೊಂಟೀಗಲ್ ಎಂಬ ಪ್ರಭುವಿಗೆ ಹೆಸರಿಲ್ಲದ ಒಂದು ಪತ್ರ ಬಂದಿತ್ತು: ಈ ಸಭೆಗೆ ಭಾರಿ ಪೆಟ್ಟು ಬೀಳಲಿದೆ, ಹೊಡೆದವರು ಯಾರೆಂದು ಕಾಣುವುದಿಲ್ಲ ಎಂಬ ಅರ್ಥದ್ದು. ಪೆಟ್ಟು ಅಂದ್ರೆ ಸಿಡಿಮದ್ದು ಎಂದು ಬಿಡಿಸಿದ್ದು ಸ್ವತಃ ಜೇಮ್ಸ್ ಅಂತ ಆಸ್ಥಾನ ಹೊಗಳಿತು. ಮಾತಿನ ಎರಡನೇ ಅರ್ಥ ಹಿಡಿಯುವುದು ಜೀವ ಉಳಿಸುವ ವಿದ್ಯೆಯಾಗಿದ್ದ ಕಾಲ ಅದು.

ಅರ್ಧ ಬಾಯಲ್ಲಿ, ಅರ್ಧ ಮನಸ್ಸಲ್ಲಿ

ಈಗ ಆ ಪದಕ್ಕೆ ಬರೋಣ. ರಾಜಭಟರು ಮನೆಗೆ ನುಗ್ಗಿ 'ಇಲ್ಲಿ ಪಾದ್ರಿ ಇದ್ದಾನಾ?' ಅಂತ ಕೇಳುತ್ತಾರೆ. ಹೌದು ಅಂದರೆ ಒಬ್ಬನ ಪ್ರಾಣ ಹೋಗುತ್ತದೆ. ಇಲ್ಲ ಅಂದರೆ ಸುಳ್ಳು, ಸುಳ್ಳು ಪಾಪ. ಆಗ ಕೆಲವು ಧರ್ಮಶಾಸ್ತ್ರಿಗಳು ಒಂದು ದಾರಿ ತೋರಿಸಿದರು. 'ಇಲ್ಲ' ಅನ್ನು, 'ನಿನಗೆ ಹೇಳಬೇಕಾದವನು ಯಾರೂ ಇಲ್ಲ' ಎಂದು ಮನಸ್ಸಿನಲ್ಲಿ ವಾಕ್ಯ ಪೂರ್ತಿ ಮಾಡಿಕೋ. ಮನುಷ್ಯ ಕೇಳಿಸಿಕೊಳ್ಳುವುದು ಅರ್ಧ ವಾಕ್ಯ, ದೇವರು ಕೇಳಿಸಿಕೊಳ್ಳುವುದು ಪೂರ್ತಿ ವಾಕ್ಯ. ಹಾಗಾಗಿ ಇದು ಸುಳ್ಳಲ್ಲ ಅಂತ ವಾದ.

ನಮಗೆ ಇದು ತೀರಾ ಹೊಸದೇನಲ್ಲ. ದ್ರೋಣರ ಮುಂದೆ ಧರ್ಮರಾಯ ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ ಹೇಳಿ, ಆನೆ ಎಂಬ ಮಾತನ್ನು ಮೆಲ್ಲಗೆ ಸೇರಿಸಿದ್ದು ನೆನಪಿದೆಯಲ್ವಾ? ಆಗ ಧರ್ಮರಾಯನ ರಥ ನೆಲಕ್ಕೆ ಇಳಿಯಿತು. ಇಂಗ್ಲೆಂಡಿನಲ್ಲಿ ಕಥೆ ನೇಣುಗಂಬದಲ್ಲಿ ಮುಗಿಯಿತು.

ಸಂಚು ಬಯಲಾದ ಮೇಲೆ ಹೆನ್ರಿ ಗಾರ್ನೆಟ್‌ಗಾಗಿ ಹುಡುಕಾಟ ನಡೆಯಿತು. ಅವನು ಇಂಗ್ಲೆಂಡಿನ ಜೆಸ್ಯೂಟ್ ಪಾದ್ರಿಗಳ ಮುಖ್ಯಸ್ಥ. 1606ರ ಜನವರಿಯಲ್ಲಿ ವೂಸ್ಟರ್‌ಶೈರ್‌ನ ಹಿಂಡ್ಲಿಪ್ ಎಂಬ ಮನೆಯ ಗೋಡೆಯೊಳಗಿನ ಗುಪ್ತ ಗೂಡಿನಲ್ಲಿ ಅವನೂ ಓಲ್ಡ್‌ಕಾರ್ನ್ ಎಂಬ ಇನ್ನೊಬ್ಬ ಪಾದ್ರಿಯೂ ದಿನಗಟ್ಟಲೆ ಅಡಗಿದ್ದರು. ಹೊರಗಿನಿಂದ ಒಂದು ಕೊಳವೆಯ ಮೂಲಕ ಗಂಜಿಯಂಥ ಆಹಾರ ಒಳಗೆ ಹೋಗುತ್ತಿತ್ತು. ಇಂಥ ಗೂಡುಗಳನ್ನು ಕಟ್ಟುವುದರಲ್ಲಿ ಪಳಗಿದವನು ನಿಕೊಲಸ್ ಓವನ್ ಎಂಬ ಬಡಗಿ. ಮೆಟ್ಟಿಲ ಕೆಳಗೆ, ಒಲೆಯ ಹಿಂದೆ, ಗೋಡೆಯ ದಪ್ಪದೊಳಗೆ ಅಳತೆಯ ಲೆಕ್ಕ ತಪ್ಪಿಸಿ ಜಾಗ ಮಾಡುತ್ತಿದ್ದ. ಅವನೂ ಅಲ್ಲೇ ಸಿಕ್ಕಿಬಿದ್ದ. ಲಂಡನ್ ಟವರ್‌ನ ಚಿತ್ರಹಿಂಸೆಯಲ್ಲಿ ಸತ್ತ.

ಗಾರ್ನೆಟ್ ಮತ್ತು ಓಲ್ಡ್‌ಕಾರ್ನ್‌ರನ್ನು ಬೇಕೆಂದೇ ಅಕ್ಕಪಕ್ಕದ ಕೋಣೆಗಳಲ್ಲಿ ಇಟ್ಟರು. ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡದ್ದನ್ನು ಅಡಗಿ ಕೂತವರು ಬರೆದುಕೊಂಡರು. ಕೇಳಿದಾಗ ಗಾರ್ನೆಟ್ ಮಾತಾಡಿಲ್ಲ ಎಂದ. ಆಮೇಲೆ ಒಪ್ಪಿಕೊಂಡ. ಈ ಇಬ್ಬಗೆಯ ಮಾತಿನ ಬಗ್ಗೆಯೇ ಅವನು ಬರೆದಿದ್ದ ಕೈಬರಹದ ಪುಸ್ತಕವೂ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಕೈಸೇರಿತ್ತು. ಸಂಚಿನ ವಿಷಯ ತನಗೆ ತಿಳಿದದ್ದು ಪಾಪನಿವೇದನೆಯಲ್ಲಿ, ಅದನ್ನು ಬಯಲು ಮಾಡುವ ಹಾಗಿಲ್ಲ ಎಂದು ಗಾರ್ನೆಟ್ ವಾದಿಸಿದ. ಮಾರ್ಚ್ 28ರಂದು ವಿಚಾರಣೆ ನಡೆಯಿತು. ಮೇ 3ರಂದು ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಬಳಸುತ್ತಿದ್ದ ಸುಳ್ಳು ಹೆಸರುಗಳಲ್ಲಿ ಒಂದು 'ಫಾರ್ಮರ್', ಅಂದ್ರೆ ರೈತ. ದ್ವಾರಪಾಲಕ ನರಕಕ್ಕೆ ಕರೆದ ಮೊದಲನೆಯವನೂ ರೈತನೇ. ಈಗ ಜೋಕು ಯಾಕೆ ಜೋಕಾಗಿತ್ತು ಅಂತ ಗೊತ್ತಾಯಿತಲ್ಲ.

ಒಂದು ಪದದಿಂದ ಇಡೀ ನಾಟಕಕ್ಕೆ

ಬರೀ ಜೋಕು ಅರ್ಥವಾದರೆ ಅದು ಕ್ವಿಜ್ ಉತ್ತರ ಅಷ್ಟೇ. ಇದೇ ಪದವನ್ನು ಕೈಯಲ್ಲಿ ಹಿಡಿದು ನಾಟಕವನ್ನು ಮೊದಲಿಂದ ನೋಡಿ. ಮಾಟಗಾತಿಯರು ಒಂದೇ ಒಂದು ನೇರ ಸುಳ್ಳನ್ನೂ ಹೇಳುವುದಿಲ್ಲ! ಹೆಣ್ಣು ಹೆತ್ತ ಯಾರಿಂದಲೂ ನಿನಗೆ ಕೇಡಿಲ್ಲ ಅಂತ ಭರವಸೆ ಸಿಗುತ್ತದೆ. ಎದುರು ನಿಂತ ಮ್ಯಾಕ್‌ಡಫ್, ತಾಯಿಯ ಹೊಟ್ಟೆ ಕೊಯ್ದು ಹೊರತೆಗೆದ ಮಗು. ಕಾಡು ಎದ್ದು ಕೋಟೆಗೆ ಬರುವ ತನಕ ಸೋಲಿಲ್ಲ. ಸೈನಿಕರು ಕೊಂಬೆಗಳನ್ನು ಕಡಿದು ಮುಂದೆ ಹಿಡಿದು ನಡೆದು ಬರುತ್ತಾರೆ. ಪ್ರತಿ ಮಾತೂ ಅಕ್ಷರಶಃ ನಿಜ, ಕೇಳಿದವನಿಗೆ ಮಾತ್ರ ಮೋಸ. ಕಾಡು ಚಲಿಸಿದ ಸುದ್ದಿ ಬಂದಾಗ ಮ್ಯಾಕ್‌ಬೆತ್ ಬಾಯಿಂದಲೂ ದ್ವಾರಪಾಲಕನ ಅದೇ ಪದ ಹೊರಡುತ್ತದೆ. ನಿಜದಂತೆ ತೋರುವ ಸುಳ್ಳಾಡುವ ಪಿಶಾಚಿಯ ಇಬ್ಬಗೆಯ ಮಾತಿನ ಮೇಲೆ ಈಗ ಅನುಮಾನ ಶುರುವಾಯಿತು ಅನ್ನುತ್ತಾನೆ. ಎರಡನೇ ಅಂಕದ ಕುಡುಕನ ತಮಾಷೆ ಐದನೇ ಅಂಕದಲ್ಲಿ ನಾಯಕನ ಕುತ್ತಿಗೆಗೆ ಬರುತ್ತದೆ. ಅದನ್ನು ಬರೀ ಹಾಸ್ಯ ಅಂತ ಹಾರಿಸಿದರೆ ಈ ಎಳೆಯೇ ಕಾಣೋದಿಲ್ಲ.

ಮಾಟಗಾತಿಯರೂ ಆಗ ಬರೀ ಅಜ್ಜಿಕಥೆಯ ಪಾತ್ರಗಳಲ್ಲ. ಜೇಮ್ಸ್ ಮದುವೆಯಾಗಿ ಡೆನ್ಮಾರ್ಕಿನಿಂದ ಹಡಗಿನಲ್ಲಿ ಬರುವಾಗ ಬಿರುಗಾಳಿ ಎಬ್ಬಿಸಿದರು ಎಂದು 1590-91ರಲ್ಲಿ ಸ್ಕಾಟ್ಲೆಂಡಿನಲ್ಲಿ ಹಲವರ ಮೇಲೆ ಮೊಕದ್ದಮೆ ನಡೆದಿತ್ತು. ರಾಜನೇ ಕೂತು ಕೆಲವರನ್ನು ವಿಚಾರಿಸಿದ. 1597ರಲ್ಲಿ ಮಾಟದ ಬಗ್ಗೆ 'ಡೀಮನಾಲಜಿ' ಎಂಬ ಪುಸ್ತಕವನ್ನೇ ಬರೆದ. ನಾಟಕದ ಮಾಟಗಾತಿ ಜರಡಿಯಲ್ಲಿ ಕೂತು ಸಮುದ್ರಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಆ ಮೊಕದ್ದಮೆಯ ಬಗ್ಗೆ ಅಚ್ಚಾದ ಕರಪತ್ರದಲ್ಲೂ ಜರಡಿಯ ಪ್ರಯಾಣ ಇದೆ.

ಇನ್ನೊಂದು ಗಮನಿಸಬೇಕಾದ್ದು, ಶೇಕ್ಸ್‌ಪಿಯರ್ ಏನನ್ನು ಬದಲಾಯಿಸಿದ ಅನ್ನೋದು. ಕಥೆ ಸಿಕ್ಕಿದ್ದು ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥದಲ್ಲಿ. ಅಲ್ಲಿ ಡಂಕನ್‌ನ ಕೊಲೆಗೆ ಗೆಳೆಯ ಬ್ಯಾಂಕೋ ಕೂಡ ಪಾಲುದಾರ. ಮ್ಯಾಕ್‌ಬೆತ್ ಸುಮಾರು ಹತ್ತು ವರ್ಷ ಚೆನ್ನಾಗಿಯೇ ಆಳುತ್ತಾನೆ. ನಾಟಕದಲ್ಲಿ ಆ ಒಳ್ಳೆಯ ವರ್ಷಗಳು ಮಾಯ, ಬ್ಯಾಂಕೋ ಕೊಲೆಯಲ್ಲಿ ಕೈ ಹಾಕುವುದಿಲ್ಲ. ಯಾಕೆ? ಜೇಮ್ಸ್‌ನ ಮನೆತನ ತನ್ನ ಮೂಲಪುರುಷ ಬ್ಯಾಂಕೋ ಎಂದು ಹೇಳಿಕೊಳ್ಳುತ್ತಿತ್ತು. ರಾಜನ ಹೆಸರು ಹೊತ್ತ ಕಂಪನಿ ರಾಜನ ಪೂರ್ವಜನನ್ನು ಕೊಲೆಗಾರ ಅಂತ ತೋರಿಸಲು ಆಗುತ್ತದಾ?

ಕೈವಾರದ ಕವಿತೆ

ಇದೇ ಕಾಲ, ಇದೇ ಊರು, ಒಬ್ಬ ಕವಿ. ಜಾನ್ ಡನ್ ಹುಟ್ಟಿದ್ದು 1572ರಲ್ಲಿ, ಕ್ಯಾಥೊಲಿಕ್ ಮನೆಯಲ್ಲಿ. ತಮ್ಮ ಹೆನ್ರಿ ಒಬ್ಬ ಪಾದ್ರಿಗೆ ಆಸರೆ ಕೊಟ್ಟು ಸಿಕ್ಕಿಬಿದ್ದು 1593ರಲ್ಲಿ ಜೈಲಿನಲ್ಲೇ ಜ್ವರ ಬಂದು ಸತ್ತ. ಸಿಡಿಮದ್ದಿನ ಸಂಚಿನ ನಂತರ, 1606ರಲ್ಲಿ, ಕ್ಯಾಥೊಲಿಕರು ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಕಾನೂನು ಬಂತು. ಈ ಮಾತನ್ನು ಯಾವ ಇಬ್ಬಗೆಯೂ ಇಲ್ಲದೆ, ಮನಸ್ಸಿನಲ್ಲಿ ಏನನ್ನೂ ಬಚ್ಚಿಡದೆ ಹೇಳುತ್ತಿದ್ದೇನೆ ಎಂಬುದು ಆ ಪ್ರಮಾಣದ ಒಂದು ಭಾಗ. ಆ ಪ್ರಮಾಣ ಮಾಡಿ ಎಂದು ಕ್ಯಾಥೊಲಿಕರಿಗೆ ಹೇಳುವ ಪುಸ್ತಕವನ್ನು 1610ರಲ್ಲಿ ಬರೆದವನು ಇದೇ ಡನ್! 1615ರಲ್ಲಿ ಪ್ರೊಟೆಸ್ಟಂಟ್ ಪಾದ್ರಿಯಾದ. 1621ರಲ್ಲಿ ಸೇಂಟ್ ಪಾಲ್ಸ್ ಚರ್ಚಿನ ಡೀನ್. ಗಾರ್ನೆಟ್‌ನನ್ನು ಗಲ್ಲಿಗೇರಿಸಿದ್ದು ಅದೇ ಚರ್ಚಿನ ಅಂಗಳದಲ್ಲಿ.

ಅವನ 'ಎ ವ್ಯಾಲೆಡಿಕ್ಷನ್: ಫರ್ಬಿಡಿಂಗ್ ಮೌರ್ನಿಂಗ್' ಕವಿತೆ ನಮ್ಮಂಥವರಿಗೆ ಬೇಗ ಹಿಡಿಸುತ್ತದೆ. ದೂರ ಹೊರಟ ಪ್ರಿಯಕರ, ಅಳಬೇಡ ಎಂದು ಪ್ರಿಯತಮೆಗೆ ಹೇಳುತ್ತಾ ತಮ್ಮಿಬ್ಬರನ್ನು ಕಂಪಾಸಿಗೆ ಹೋಲಿಸುತ್ತಾನೆ. ಇದು ದಿಕ್ಸೂಚಿ ಅಲ್ಲ, ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿನ ಕೈವಾರ. ಒಂದು ಕಾಲು ನಡುವೆ ಊರಿ ನಿಂತಿದೆ. ಇನ್ನೊಂದು ದೂರ ಹೋದಷ್ಟೂ ನಿಂತದ್ದು ಅದರತ್ತ ಬಾಗುತ್ತದೆ, ಹತ್ತಿರ ಬಂದಾಗ ನೆಟ್ಟಗಾಗುತ್ತದೆ.

ಇಷ್ಟು ಗೈಡಿನಲ್ಲೂ ಇರುತ್ತದೆ. ಆದರೆ ಕವಿತೆಯ ಮೊದಲ ಭಾಗ ನೋಡಿ. ಸದ್ದು ಮಾಡದೆ ಬೀಳ್ಕೊಳ್ಳೋಣ, ನಮ್ಮ ಪ್ರೀತಿಯನ್ನು ಹೊರಗಿನವರಿಗೆ ಹೇಳಿದರೆ ಅದು ಅಪವಿತ್ರ ಆಗುತ್ತದೆ ಅನ್ನುತ್ತಾನೆ. ಹೊರಗಿನವರಿಗೆ ಬಳಸಿದ ಪದ, ಪಾದ್ರಿಯಲ್ಲದ ಸಾಮಾನ್ಯ ಭಕ್ತರನ್ನು ಕರೆಯುವ ಪದ. ಅಂದ್ರೆ ಪ್ರೇಮಿಗಳೇ ಇಲ್ಲಿ ಗುಟ್ಟಿನ ಪೂಜಾರಿಗಳು. ಪೂಜೆ ಮಾಡುವವರು ಗೋಡೆಯೊಳಗೆ ಅಡಗುತ್ತಿದ್ದ ದೇಶದಲ್ಲಿ, ತಮ್ಮನನ್ನು ಅದೇ ಕಾರಣಕ್ಕೆ ಕಳೆದುಕೊಂಡವನು ಬರೆದ ಪ್ರೇಮಕವಿತೆ ಇದು ಎಂದು ತಿಳಿದ ಮೇಲೆ ಆ ಮೌನಕ್ಕೆ ಬೇರೆಯೇ ತೂಕ ಬರುತ್ತದೆ. ಡನ್‌ನ ಇಂಥ ಕವಿತೆಗಳು ಅವನಿರುವಾಗ ಹೆಚ್ಚಾಗಿ ಅಚ್ಚಾಗಲೂ ಇಲ್ಲ. ಹಾಸ್ಟೆಲ್‌ನಲ್ಲಿ ನೋಟ್ಸ್ ಓಡಾಡುವ ಹಾಗೆ ಗೆಳೆಯರ ನಡುವೆ ಕೈಬರಹದ ಪ್ರತಿಗಳಾಗಿ ಓಡಾಡಿದವು. ಪುಸ್ತಕವಾಗಿದ್ದು 1633ರಲ್ಲಿ, ಅವನು ಸತ್ತು ಎರಡು ವರ್ಷದ ಮೇಲೆ.

ಓದುವಾಗ ಕೇಳಿಕೊಳ್ಳಬೇಕಾದ್ದು

ಆ ಕಾಲದ ಯಾವ ಕೃತಿ ಕೈಗೆತ್ತಿಕೊಂಡರೂ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ವರ್ಷದ್ದು, ಆಗ ಸಿಂಹಾಸನದ ಮೇಲೆ ಯಾರಿದ್ದರು? ಇದನ್ನು ಯಾರು, ಎಲ್ಲಿ ಕೇಳಿಸಿಕೊಂಡರು: ಬಯಲು ಚಾವಣಿಯ ಗ್ಲೋಬ್‌ನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ನಿಂತ ಜನವೋ, ಕೈಬರಹದ ಪ್ರತಿ ಹಿಡಿದ ನಾಲ್ಕು ಗೆಳೆಯರೋ? ಮೂಲಕಥೆಯಲ್ಲಿ ಕವಿ ಏನನ್ನು ಬದಲಾಯಿಸಿದ? ಯಾವ ಮಾತು ಆಡಿದರೆ ಆಗ ಶಿಕ್ಷೆ ಆಗುತ್ತಿತ್ತು?

ಒಂದು ಎಚ್ಚರಿಕೆಯೂ ಬೇಕು. ಮ್ಯಾಕ್‌ಬೆತ್ ಮೊದಲು ಅಚ್ಚಾಗಿದ್ದು 1623ರಲ್ಲಿ. ಗ್ಲೋಬ್‌ನಲ್ಲಿ ಅದನ್ನು ನೋಡಿದೆ ಎಂದು ಸೈಮನ್ ಫೋರ್ಮನ್ ಎಂಬವನು ಬರೆದಿಟ್ಟದ್ದು 1611ರ ಪ್ರದರ್ಶನದ ಬಗ್ಗೆ. 1606 ಎಂಬ ವರ್ಷವನ್ನು ವಿದ್ವಾಂಸರು ಊಹಿಸಿರುವುದಕ್ಕೆ ಈ ದ್ವಾರಪಾಲಕನ ಮಾತೂ ಒಂದು ಆಧಾರ. ಹಾಗಾಗಿ ಇತಿಹಾಸವನ್ನು ಫಾರ್ಮುಲಾ ಥರ ಹಾಕಿ ಉತ್ತರ ತೆಗೆಯಲು ಹೋಗಬೇಡಿ. ರಾಜನನ್ನು ಮೆಚ್ಚಿಸಲು ಬರೆದ ನಾಟಕ ಅಂತ ಒಂದೇ ಮಾತಲ್ಲಿ ಮುಗಿಸಿದರೆ, ನಿದ್ದೆಯಲ್ಲಿ ನಡೆಯುತ್ತಾ ಇಲ್ಲದ ರಕ್ತವನ್ನು ಕೈಯಿಂದ ಉಜ್ಜುವ ಲೇಡಿ ಮ್ಯಾಕ್‌ಬೆತ್‌ಳನ್ನು ವಿವರಿಸೋದು ಹೇಗೆ? ಕೊಲೆಗಾರನ ಒಳಗೆ ಹೊಕ್ಕು ಅವನ ಭಯವನ್ನು ನಮಗೂ ಅಂಟಿಸುವ ನಾಟಕ ಇದು. ಯಾವ ರಾಜನೂ ಅದನ್ನು ಕೇಳಿ ಬರೆಸಿಲ್ಲ.

ಇಂಗ್ಲಿಷ್ ಕಷ್ಟ ಅನ್ನಿಸಿದರೆ ಕನ್ನಡದಿಂದ ಶುರು ಮಾಡಿ. ಡಿ.ವಿ.ಜಿ. ಅವರ ಅನುವಾದ ಇದೆ. ಎಚ್.ಎಸ್. ಶಿವಪ್ರಕಾಶ್ ಅವರು ಇದೇ ನಾಟಕವನ್ನು 'ಮಾರನಾಯಕ' ಎಂದು ನಮ್ಮ ನೆಲಕ್ಕೆ ತಂದಿದ್ದಾರೆ. ಎರಡರಲ್ಲಿ ಯಾವುದನ್ನಾದರೂ ಮೂಲದ ಪಕ್ಕ ಇಟ್ಟುಕೊಂಡು ಮೊದಲು ಆ ಬಾಗಿಲು ಬಡಿಯುವ ದೃಶ್ಯವನ್ನೇ ಓದಿ. 1606ರ ಲಂಡನ್ನಿನ ಜೋಕನ್ನು ಕನ್ನಡದಲ್ಲಿ ಏನು ಮಾಡಿದ್ದಾರೆ, ಉಳಿಸಿದ್ದಾರಾ, ಬಿಟ್ಟಿದ್ದಾರಾ, ಬೇರೆ ಏನಾದರೂ ಹಾಕಿದ್ದಾರಾ ಅಂತ ನೋಡಿ. ಅಷ್ಟು ಹುಡುಕುವ ಹೊತ್ತಿಗೆ ಗೈಡು ತಾನಾಗಿಯೇ ಪಕ್ಕಕ್ಕೆ ಸರಿದಿರುತ್ತದೆ.