ಟಾಯರು ಸಿಡಿದರೆ ಹೊಣೆ ಯಾರದು?

ರಸ್ತೆಯಲ್ಲಿ ಮೋಟಾರೊಂದು ಮಗುಚಿ ಬಿದ್ದಿತೆನ್ನಿ. ನೆರೆದ ಜನರ ಬಾಯಿಂದ ಹೊರಡುವ ಮೊದಲ ಮಾತು, ‘ಟಾಯರು ಸಿಡಿಯಿತಂತೆ’; ಎರಡನೆಯ ಮಾತು, ‘ಏನು ಮಾಡುವುದು, ಗ್ರಹಚಾರ!’ ಅಲ್ಲಿಗೆ ವಿಚಾರಣೆ ಮುಗಿದಂತೆಯೇ. ರಬ್ಬರಿಗೆ ನಾಲಗೆಯಿಲ್ಲ, ಗ್ರಹಗಳಿಗೆ ಸಮನ್ಸು ಕಳಿಸುವಂತಿಲ್ಲ.

ಆದರೆ ಈ ಉತ್ತರವನ್ನು ಮುಂಬಯಿ ಹೈಕೋರ್ಟು 2023ರಲ್ಲಿ ಒಪ್ಪಲಿಲ್ಲ. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬಯಿಗೆ ಹೊರಟಿದ್ದ ಕಾರೊಂದರ ಹಿಂದಿನ ಟಾಯರು ಸಿಡಿದು, ಗಾಡಿ ಹಳ್ಳಕ್ಕೆ ಉರುಳಿ, ಒಬ್ಬ ಪ್ರಯಾಣಿಕನು ತೀರಿಕೊಂಡನು. ಇದು ದೈವಕೃತ್ಯ, ಪರಿಹಾರ ಕೊಡಬೇಕಾಗಿಲ್ಲವೆಂದು ವಿಮಾ ಕಂಪನಿ ವಾದಿಸಿತು. ಟಾಯರು ಸಿಡಿಯುವುದು ದೈವಕೃತ್ಯವಲ್ಲ, ಮನುಷ್ಯನ ಅಲಕ್ಷ್ಯ ಎಂದು ಕೋರ್ಟು ಹೇಳಿತು. ಒಂದೂಕಾಲು ಕೋಟಿ ರೂಪಾಯಿಯ ಪರಿಹಾರವನ್ನು ಎತ್ತಿಹಿಡಿಯಿತು.

ಮನುಷ್ಯನ ಅಲಕ್ಷ್ಯವೆಂದಾಯಿತು. ಸರಿ, ಯಾವ ಮನುಷ್ಯನದು? ಗಾಡಿ ಓಡಿಸಿದವನದೆ, ಗಾಡಿ ಕಟ್ಟಿದವನದೆ, ಟಾಯರು ಮಾಡಿದವನದೆ?

ಈ ಪ್ರಶ್ನೆ ಬಲು ದೊಡ್ಡದಾಗಿ ಎದ್ದುದು ಅಮೇರಿಕೆಯಲ್ಲಿ, 2000ನೆಯ ಇಸವಿಯಲ್ಲಿ. ಫೋರ್ಡ್ ಕಂಪನಿಯ ‘ಎಕ್ಸ್‌ಪ್ಲೋರರ್’ ಎಂಬ ಎತ್ತರದ ಗಾಡಿ 1990ರಿಂದ ಅಲ್ಲಿ ಮನೆಮಾತಾಗಿತ್ತು. ಮಕ್ಕಳುಮರಿ, ಸಾಮಾನು ಸರಂಜಾಮು ಹೇರಿಕೊಂಡು ದೂರ ಹೊರಡುವ ಸಂಸಾರಗಳಿಗೆ ಒಪ್ಪುವ ಗಾಡಿ. ಅದರ ಚಕ್ರಗಳಿಗೆ ಹೆಚ್ಚಾಗಿ ಫೈರ್‌ಸ್ಟೋನ್ ಟಾಯರು. ಹೆನ್ರಿ ಫೋರ್ಡ್, ಹಾರ್ವೆ ಫೈರ್‌ಸ್ಟೋನ್ ಇಬ್ಬರೂ ಆಪ್ತಮಿತ್ರರು. 1947ರಲ್ಲಿ ಅವರ ಮೊಮ್ಮಕ್ಕಳಿಗೆ ಮದುವೆಯಾಗಿ ಬೀಗತನವೂ ಕೂಡಿಬಂದಿತ್ತು. 1988ರಲ್ಲಿ ಫೈರ್‌ಸ್ಟೋನ್ ಜಪಾನಿನ ಬ್ರಿಜ್‌ಸ್ಟೋನ್ ಕಂಪನಿಯ ಕೈಸೇರಿದ ಮೇಲೂ ಈ ವ್ಯಾಪಾರ ನಿಂತಿರಲಿಲ್ಲ.

ಇಂಥ ಟಾಯರಿನೊಳಗೆ ಉಕ್ಕಿನ ತಂತಿಯ ಎರಡು ಪಟ್ಟಿಗಳು ಒಂದರ ಮೇಲೊಂದು ರಬ್ಬರಿನಲ್ಲಿ ಅಂಟಿಕೊಂಡಿರುತ್ತವೆ. ಬಿಸಿಲು, ವೇಗ, ಭಾರ ಕೂಡಿ ಟಾಯರು ಕಾದಾಗ ಈ ಅಂಟು ದುರ್ಬಲವಾಗಿದ್ದರೆ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ಅದು ಒಳಗೊಳಗೇ ಬೆಳೆದು, ಒಂದು ದಿನ ಮೇಲಿನ ಪಟ್ಟಿ ನೆಲ ಮುಟ್ಟುವ ರಬ್ಬರಿನ ಸಮೇತ ಸಿಪ್ಪೆಯಂತೆ ಸುಲಿದುಹೋಗುತ್ತದೆ. ಹಿಂದಿನ ಚಕ್ರದಲ್ಲಿ ಹೀಗಾದರೆ ಗಾಡಿಯ ಹಿಂಭಾಗ ಹತೋಟಿ ತಪ್ಪಿ ಪಕ್ಕಕ್ಕೆ ಜಾರುತ್ತದೆ. ಎತ್ತರದ ಗಾಡಿ ಉರುಳಲು ಮತ್ತೇನು ಬೇಕು? ಟೆಕ್ಸಸ್, ಫ್ಲಾರಿಡಾ, ಅರಿಜೋನಾ ಮೊದಲಾದ ಬಿಸಿಲಿನ ಸೀಮೆಗಳಲ್ಲಿಯೇ ಇದು ಹೆಚ್ಚಾಗಿ ನಡೆಯಿತು. 2000ದ ಆಗಸ್ಟಿನಲ್ಲಿ 65 ಲಕ್ಷ ಟಾಯರುಗಳನ್ನು ಕಂಪನಿ ಹಿಂದಕ್ಕೆ ಕರೆಯಿತು. ಅಲ್ಲಿಯ ಸರಕಾರ ಕೊನೆಗೆ ಲೆಕ್ಕಕ್ಕೆ ತೆಗೆದುಕೊಂಡ ಸಾವುಗಳು 271.

ಆಮೇಲೆ ಬೀಗರ ಜಗಳ ಶುರುವಾಯಿತು. ‘ಅದೇ ಎಕ್ಸ್‌ಪ್ಲೋರರಿಗೆ ಗುಡ್‌ಇಯರ್ ಟಾಯರು ಹಾಕಿದಾಗ ಏನೂ ಆಗಲಿಲ್ಲವಲ್ಲ, ತಪ್ಪು ಟಾಯರಿನದೇ’ ಎಂದಿತು ಫೋರ್ಡ್. ‘ನಮ್ಮ ಟಾಯರು ನಿಮ್ಮದೇ ಇನ್ನೊಂದು ಗಾಡಿಯಲ್ಲಿ ಇಷ್ಟು ಕೆಡುವುದಿಲ್ಲವಲ್ಲ, ತಪ್ಪು ಎಕ್ಸ್‌ಪ್ಲೋರರಿನದೇ’ ಎಂದಿತು ಫೈರ್‌ಸ್ಟೋನ್. ಚದರ ಅಂಗುಲಕ್ಕೆ 26 ಪೌಂಡು ಗಾಳಿ ಸಾಕೆಂದು ಫೋರ್ಡ್ ಹೇಳಿತ್ತು. 30 ಇರಬೇಕಾಗಿತ್ತೆಂದು ಫೈರ್‌ಸ್ಟೋನ್ ವಾದಿಸಿತು. ಗಾಳಿ ಕಡಿಮೆಯಾದರೆ ಟಾಯರು ಹೆಚ್ಚು ಕಾಯುತ್ತದೆ. ಇನ್ನು, ಹೆಚ್ಚಾಗಿ ಕೆಟ್ಟ ಟಾಯರುಗಳು ಇಲಿನಾಯ್ ರಾಜ್ಯದ ಡೆಕೇಟರ್ ಕಾರಖಾನೆಯವು. 1994ರಿಂದ 96ರ ವರೆಗೆ ಅಲ್ಲಿ ಮಾಲಿಕರಿಗೂ ಕಾರ್ಮಿಕರಿಗೂ ಭಾರಿ ಕಲಹ. ಆ ಕಾಲದಲ್ಲಿ ತಯಾರಾದ ಟಾಯರುಗಳು ಹೆಚ್ಚು ಕೆಟ್ಟವೆಂದು ಕ್ರೂಗರ್ ಮತ್ತು ಮಾಸ್ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಲೆಕ್ಕಹಾಕಿ ತೋರಿಸಿದರು. ಟಾಯರಿನಲ್ಲಿ ದೋಷವುಂಟೆಂದು ಸರಕಾರ 2001ರಲ್ಲಿ ತೀರ್ಮಾನಿಸಿತು. ಎಕ್ಸ್‌ಪ್ಲೋರರಿನ ಮೇಲೆ ಬೇರೆ ತನಿಖೆ ಬೇಡವೆಂದು 2002ರಲ್ಲಿ ಹೇಳಿತು. ಅಷ್ಟರಲ್ಲಿ, 2001ರ ಮೇ ತಿಂಗಳಲ್ಲಿಯೇ, ಹತ್ತಿರ ಹತ್ತಿರ ನೂರು ವರ್ಷದ ಸಂಬಂಧ ಹರಿದುಹೋಗಿತ್ತು.

ಆದರೆ ನನ್ನನ್ನು ಕಾಡುವುದು ಈ ಜಗಳವಲ್ಲ. ಒಂದು ವಿಮಾ ಕಂಪನಿಯ ನೌಕರನು ತನ್ನ ಕಡತಗಳಲ್ಲಿ ಇಂಥ 21 ಪ್ರಕರಣಗಳನ್ನು ಗುರುತಿಸಿ, 1998ರಲ್ಲಿಯೇ ರಸ್ತೆ ಸುರಕ್ಷತೆಯ ಸರಕಾರಿ ಇಲಾಖೆಗೆ ಬರೆದು ತಿಳಿಸಿದ್ದನು. ಇಲಾಖೆ ತನಿಖೆಗೆ ತೊಡಗಿದುದು 2000ದ ಮೇ ತಿಂಗಳಲ್ಲಿ! 1999ರಲ್ಲಿ ಫೋರ್ಡ್ ಕಂಪನಿ ಸೌದಿ ಅರೇಬಿಯದ ಗಿರಾಕಿಗಳಿಗೆ ಟಾಯರು ಬದಲಿಸಿ ಕೊಟ್ಟಿತು. ತನ್ನ ದೇಶದ ಸರಕಾರಕ್ಕೆ ಸುದ್ದಿ ಮುಟ್ಟಿಸಲಿಲ್ಲ. ಮುಟ್ಟಿಸಬೇಕೆಂಬ ಕಾನೂನೂ ಆಗ ಇರಲಿಲ್ಲ. ಕಚೇರಿಯಲ್ಲಿ ಕಡತದ ನಡುವೆ ಬಾಳುವ ನನ್ನಂಥ ಗುಮಾಸ್ತನಿಗೆ ಇದು ಮೈ ಜುಮ್ಮೆನ್ನಿಸುವ ಕತೆ. ಬಂದ ಕಾಗದವನ್ನು ‘ನೋಡೋಣ’ ಎಂದು ಪಕ್ಕಕ್ಕಿಟ್ಟ ಆ ಎರಡು ವರ್ಷಗಳಲ್ಲಿ ಎಷ್ಟು ಸಂಸಾರಗಳು ರಸ್ತೆಗಿಳಿದಿರಬೇಕು! ಗಾಡಿ ಓಡಿಸುತ್ತಿದ್ದವನಿಗೆ ಮಾತ್ರ ಏನೂ ತಿಳಿದಿರಲಿಲ್ಲ.

ಆದುದರಿಂದ ನನ್ನ ಮಟ್ಟಿಗೆ ತೂಗಿನೋಡುವ ಲೆಕ್ಕ ಇಷ್ಟೆ: ಹೊಣೆ ಒಬ್ಬನದಲ್ಲ, ಆದರೆ ಯಾರಿಗೆ ಹೆಚ್ಚು ತಿಳಿದಿತ್ತೋ ಅವರದು ಹೆಚ್ಚು. ಅಮೇರಿಕೆಯವರೂ ಕೊನೆಗೆ ಇದನ್ನೇ ಕಾನೂನು ಮಾಡಿದರು. 2000ದ ನವೆಂಬರಿನ ಶಾಸನದಂತೆ, ಪರದೇಶದಲ್ಲಿ ಮಾಲು ಹಿಂದಕ್ಕೆ ಕರೆದರೂ ಕಂಪನಿ ಸರಕಾರಕ್ಕೆ ತಿಳಿಸಲೇಬೇಕು. ಗಾಳಿ ತಗ್ಗಿದರೆ ದೀಪ ಹೊತ್ತಿ ಎಚ್ಚರಿಸುವ ಏರ್ಪಾಡು 2007ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ, ದೋಷವುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಯಿರೆಂದು ತಯಾರಕರಿಗೆ ಆಜ್ಞೆ ಮಾಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಅದಕ್ಕೆ ಆಧಾರಗಳಲ್ಲಿ ಒಂದು ಮಾಲಿಕರ ದೂರುಗಳೇ.

ಹಾಗೆಂದು ನಮ್ಮ ಪಾಲಿನದು ತಪ್ಪುವುದಿಲ್ಲ. ಬೇಸಗೆ ರಜೆಗೆ ಊರಿಗೆ ಹೊರಡುವಾಗ ಕಾರಿನ ಬೆನ್ನ ಮೇಲೆ ಗಂಟುಮೂಟೆ ಹೇರುತ್ತೇವೆ. ಮುಂಜಾನೆ ಟಾಯರು ತಣ್ಣಗಿರುವಾಗ ಗಾಳಿ ನೋಡಿಸಲು ಐದು ನಿಮಿಷ ಸಿಗುವುದಿಲ್ಲ. ಟಾಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳುಂಟು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ಹುಟ್ಟಿದುದು. ಮಕ್ಕಳ ಜಾತಕವನ್ನು ಬಾಯಿಪಾಠ ಮಾಡಿಕೊಂಡವರು ಟಾಯರಿನ ಜಾತಕವನ್ನೂ ಒಮ್ಮೆ ಓದಬಾರದೆ? ಸ್ಟೆಪ್ನಿಯನ್ನೂ ಮರೆಯಬೇಡಿ.

ಇಷ್ಟು ಮಾಡಿದ ಮೇಲೂ ಟಾಯರು ಕೈಕೊಟ್ಟರೆ, ಗ್ರಹಚಾರವೆಂದು ಸುಮ್ಮನಿರಬೇಡಿ. ಚೂರುಗಳನ್ನು ಎತ್ತಿಟ್ಟುಕೊಳ್ಳಿ, ದೂರು ಬರೆಯಿರಿ. ನಿಮ್ಮದು ಇಪ್ಪತ್ತೊಂದನೆಯ ಕಾಗದವಾಗಿರಬಹುದು. ಅದನ್ನು ಓದಬೇಕಾದ ಗುಮಾಸ್ತನು ಎಚ್ಚತ್ತಿರಲಿ!